ನಾಲ್ಕು ತಾಲೂಕು, ಎರಡು ದಿವಸ, ಒಂದು ಎಕರೆ ಜೋಳ

ಈ ಸಲ ರೋಗ, ಗೊಬ್ಬರ, ಕಾರಖಾನೆ ಬಿಲ್ಲು ಯಾವುದರ ಬಗ್ಗೆನೂ ಬರೆಯೋದಿಲ್ಲ. ಒಂದು ತಿರುಗಾಟದ ಬಗ್ಗೆ ಬರಿಯಾಕತ್ತೀನಿ. ಆದ್ರ ಮಾತು ಕಡೀಕ ಹೊಲಕ್ಕ ಬಂದು ನಿಲ್ಲತೈತಿ, ಅದಕ್ಕ ಪೂರ್ತಿ ಓದ್ರಿ.

ಕಬ್ಬಿನ ದುಡ್ಡು ಕೈಗೆ ಬಂದ ಕೂಡ್ಲೆ ನಮ್ಮ ಮಂದಿ ಗೋವಾ, ಮಹಾಬಳೇಶ್ವರ, ಗೋಕರ್ಣ ಅಂತ ಗಾಡಿ ಮಾಡಿಕೊಂಡು ಹೊಂಡತಾರ. ಹೋಗಲಿ, ವರ್ಷಪೂರ್ತಿ ದುಡಿದವ್ರು ನಾಕ ದಿನ ತಿರುಗಿದ್ರ ತಪ್ಪೇನಿಲ್ಲ. ಆದ್ರ "ನಮ್ಮ ಕಡೆ ನೋಡಾಕ ಏನೈತ್ರಿ, ಎತ್ತ ನೋಡಿದ್ರೂ ಬರೇ ಕಬ್ಬು" ಅನ್ನೋ ಮಾತು ಮಾತ್ರ ನನಗ ಒಪ್ಪಿಗಿಲ್ಲ. ಎಳ್ಳ ಅಮಾಸಿ ಮುಗಿದ ಮುಂದಿನ ವಾರ ನಾನು, ನನ್ನ ಗೆಳೆಯ, ಕಾಲೇಜಿಗೆ ಹೋಗೋ ಅವನ ಮಗ ಮೂರು ಮಂದಿ ಎರಡು ಬೈಕ್ ಮ್ಯಾಲೆ ಜಮಖಂಡಿ, ರಬಕವಿ-ಬನಹಟ್ಟಿ, ಮುಧೋಳ, ಬೀಳಗಿ ಒಂದು ಸುತ್ತು ಹಾಕಿ ಬಂದ್ವಿ. ಎರಡು ದಿವಸ ಹಿಡೀತು. ಗುಡ್ಡ ನೋಡಿದ್ವಿ, ಹೊಳಿ ನೋಡಿದ್ವಿ, ಕತಿ ಕೇಳಿದ್ವಿ, ಹೊಟ್ಟಿ ತುಂಬ ಉಂಡ್ವಿ.

ತಿರುಗಿ ಬಂದ ಮ್ಯಾಲೆ ನನಗ ಅನಿಸಿದ್ದು ಇಷ್ಟು. ನಮ್ಮ ನಾಡಿನ ಚೆಲುವು, ನಮ್ಮ ಕತಿ-ಪದ, ನಮ್ಮ ಊಟ ಈ ಮೂರೂ ನಿಂತಿರೋದು ಕಬ್ಬಿನ ಮ್ಯಾಲೆ ಅಲ್ಲ, ಜೋಳದ ಹೊಲದ ಮ್ಯಾಲೆ. ಕಬ್ಬು ಬ್ಯಾಡ ಅಂತ ನಾನು ಹೇಳೋದಿಲ್ಲ. ನಾನೂ ಕಬ್ಬಿನವನೇ. ಆದ್ರ ಮನಿಗೊಂದು ಎಕರೆ ಬಿಳಿಜೋಳ ಉಳಿಸದಿದ್ರ ಇನ್ನೊಂದು ಇಪ್ಪತ್ತು ವರ್ಷಕ್ಕ "ಬರೇ ಕಬ್ಬು" ಅನ್ನೋ ಮಾತು ಖರೇನ ಆಗತೈತಿ. ಯಾಕ ಅಂತ ಊರೂರಿನ ಲೆಕ್ಕ ಕೊಡತೀನಿ.

ಮೊದಲು ಜಮಖಂಡಿ. ರಾಮತೀರ್ಥದ ಗುಡ್ಡ ಹತ್ತಿ ಪಟವರ್ಧನ ಅರಸರ ಅರಮನಿ ಹತ್ರ ನಿಂತು ಸುತ್ತ ನೋಡ್ರಿ. ಕೃಷ್ಣಾ ಹೊಳಿ ಕಡೆ ಕಣ್ಣು ಹೋದಷ್ಟು ದೂರ ಹಸರು. ಇನ್ನೊಂದು ಕಡೆ ಗುಡ್ಡದ ಬೋರಗಲ್ಲು, ಮಸಾರಿ, ನಡನಡುವ ಜೋಳದ ಪಟ್ಟಿ, ಕಡ್ಲಿ, ಕುಸುಬಿ. ಚಳಿಗಾಲದಾಗ ಜೋಳದ ತೆನಿ ಬೆಳ್ಳಗ, ಅದರ ಸುತ್ತ ಕುಸುಬಿ ಹೂವು ಹಳದಿ-ಕೇಸರಿ. ಹುಡುಗ ಫೋನ್ ತೆಗೆದು ಫೋಟೋ ಹೊಡದದ್ದು ಯಾವ ಕಡೆ ಅಂತೀರಿ? ಹಸರು ಕಡೆ ಒಂದು, ಈ ಕಡೆ ಹತ್ತು. ಒಂದೇ ಬಣ್ಣ ಎಷ್ಟು ಹೊತ್ತು ನೋಡತೀರಿ?

ಹಸರಿನ ಕತಿನೂ ಹೇಳಲೇಬೇಕು, ಇಲ್ಲಾಂದ್ರ ಅನ್ಯಾಯ ಆಗತೈತಿ. ಜಮಖಂಡಿಯಿಂದ ಚಿಕ್ಕಪಡಸಲಗಿಗೆ ಹೋದ್ರ ಶ್ರಮಬಿಂದು ಸಾಗರ ನೋಡಬಹುದು. ಬ್ಯಾಸಿಗ್ಯಾಗ ಹೊಳಿ ಒಣಗತೈತಿ, ಸರಕಾರ ಬರೋತನಕ ಕಾಯಾಕ ಆಗೋದಿಲ್ಲ ಅಂತ ಕೃಷ್ಣಾ ತೀರದ ರೈತರು ತಾವೇ ವಂತಿಗಿ ಹಾಕಿ, ತಾವೇ ಕಲ್ಲು-ಮಣ್ಣು ಹೊತ್ತು ಕಟ್ಟಿದ ಬ್ಯಾರೇಜ್ ಅದು. 1989ರಾಗ ಮುಗೀತು. ಮುಂದಾಳು ಸಿದ್ದು ನ್ಯಾಮಗೌಡರು. ಆ ಕೆಲಸದ ಹೆಸರಿನ ಮ್ಯಾಲೆ 1991ರಾಗ ಬಾಗಲಕೋಟ ಲೋಕಸಭಾ ಚುನಾವಣೆಯಲ್ಲಿ ರಾಮಕೃಷ್ಣ ಹೆಗಡೆಯವರನ್ನೇ ಸೋಲಿಸಿದ್ರು. ಆ ನೀರು ನಿಂತ ಮ್ಯಾಲೆ ನಮ್ಮ ಮನಿಗಳು ಬದಲಾದ್ವು. ಮಣ್ಣಿನ ಮಾಳಗಿ ಹೋಗಿ ಆರ್.ಸಿ.ಸಿ. ಬಂತು, ಮಕ್ಕಳು ಸಾಲಿ ಕಲಿತ್ರು. ಹಂಗಾಗಿ ಕಬ್ಬನ್ನ ಬೈಯೋ ಮಾತು ನನ್ನ ಬಾಯಿಂದ ಬರೋದಿಲ್ಲ. ಬ್ಯಾರೇಜಿನ ಮ್ಯಾಲೆ ನಿಂತು ನೋಡಿದ್ರ ನಮ್ಮ ಹಿರ್ಯಾರ ಬಗ್ಗೆ ಅಭಿಮಾನ ಅನಿಸತೈತಿ. ಆದ್ರ ಆ ಹಿರ್ಯಾರು ನೀರು ತಂದದ್ದು ಹೊಲದಾಗ ಏನೇನು ಬೇಕೋ ಅದನ್ನ ಬೆಳಿಯಾಕ. ಒಂದೇ ಬೆಳಿಗೆ ಕಟ್ಟಿ ಹಾಕಿಕೊಂಡವ್ರು ನಾವು.

ಅಲ್ಲಿಂದ ರಬಕವಿ-ಬನಹಟ್ಟಿ. ಊರೊಳಗ ಕಾಲಿಟ್ಟ ಕೂಡ್ಲೆ ಮಗ್ಗದ ಸಪ್ಪಳ. ಕೈಮಗ್ಗ ಕಡಿಮಿ ಆಗ್ಯಾವು, ಪವರ್‌ಲೂಮ್ ಸಪ್ಪಳ ಜಾಸ್ತಿ, ಆದ್ರ ಸೀರಿ ನೇಯೋ ಊರು ಅನ್ನೋದು ಓಣಿ ಓಣಿಯೊಳಗ ಕೇಳಸತೈತಿ. ಮಧ್ಯಾಹ್ನ ಒಂದು ಸಣ್ಣ ಖಾನಾವಳಿಗೆ ಕುಂತ್ವಿ. ತಾಟಿನ್ಯಾಗ ಬಿಸಿ ರೊಟ್ಟಿ, ಬದನಿಕಾಯಿ ಎಣಗಾಯಿ, ಮಡಕಿ ಕಾಳಿನ ಪಲ್ಯ, ಶೇಂಗಾ ಹಿಂಡಿ, ಗುರೆಳ್ಳ ಹಿಂಡಿ, ಕೆಂಪು ಖಾರ, ಗಟ್ಟಿ ಮೊಸರು, ಹಸಿ ಉಳ್ಳಾಗಡ್ಡಿ, ಮೆಂತೆ ಸೊಪ್ಪು. ಬಾಜೂಕ ಒಂದು ಹಿಡಿ ಹಕ್ಕರಕಿ. ಹುಡುಗ ಅದನ್ನ ನೋಡಿ "ಇದೇನು ಕಾಕಾ?" ಅಂದ. ಕಾಲೇಜ್ ಹುಡುಗ, ರೈತನ ಮಗ, ಅವನಿಗೆ ಹಕ್ಕರಕಿ ಗುರ್ತಿಲ್ಲ. ಅವನ ತಪ್ಪಲ್ಲ. ಹಕ್ಕರಕಿಯನ್ನ ಯಾರೂ ಬಿತ್ತೋದಿಲ್ಲ. ಎರಿ ಹೊಲದಾಗ ಹಿಂಗಾರಿ ಜೋಳ, ಕಡ್ಲಿ ನಡುವ ಚಳಿಗಾಲಕ್ಕ ತಾನೇ ಬರತೈತಿ. ಕಳೆ ತೆಗಿಯೋ ಹೆಣ್ಮಕ್ಕಳು ಉಡಿ ತುಂಬಿಕೊಂಡು ಬರತಿದ್ರು. ಕಬ್ಬಿನ ಹೊಲದಾಗ ನೆರಳಾಗಿ, ಮ್ಯಾಲೆ ಕಳೆನಾಶಕ ಹೊಡೆದು, ಅದಕ್ಕ ಜಾಗಾನೇ ಇಲ್ಲ. ಅವನ ಮನಿ ಸುತ್ತ ಇರೋದು ಬರೇ ಕಬ್ಬು, ಹುಡುಗ ಅದನ್ನ ಎಲ್ಲಿ ನೋಡಬೇಕು?

ರೊಟ್ಟಿ ಬಡಿಯೋ ಅಕ್ಕಾರನ್ನ ಕೇಳಿದೆ, "ಅಕ್ಕಾರ, ಜ್ವಾಳ ಎಲ್ಲಿಯದ್ರಿ?" ಅಂತ. "ಪ್ಯಾಟಿಯಿಂದ ತರತೀವ್ರಿ ಅಣ್ಣಾರ. ಮದ್ಲ ಊರಾಗಿನ ರೈತರೇ ಚೀಲ ತಂದು ಹಾಕತಿದ್ರು, ಈಗ ಅವ್ರೇ ನಮ್ಮ ಹತ್ರ ರೊಟ್ಟಿ ಒಯ್ಯಾಕ ಬರತಾರ" ಅಂದ್ರು. ನಗಾಡಿಕೋತ ಹೇಳಿದ್ರು, ಆದ್ರ ವಿಚಾರ ಮಾಡೋ ಮಾತು. ಕಟಕ ರೊಟ್ಟಿ ಈಗ ಬೆಂಗಳೂರು, ಪುಣೆತನಕ ಹೊಂಟೈತಿ. ನಮ್ಮ ಹೆಣ್ಮಕ್ಕಳು ಸಂಘ ಮಾಡಿಕೊಂಡು ಬಡಿಯಾಕತ್ತ್ಯಾರ. ರೊಟ್ಟಿಗೆ ಗಿರಾಕಿ ಬೆಳದಾವು, ಜೋಳ ಬಿತ್ತೋವ್ರು ಕಡಿಮಿ ಆಗ್ಯಾರ.

ಮಹಾಲಿಂಗಪುರಕ್ಕ ಹೋದ್ರ ಮಹಾಲಿಂಗೇಶ್ವರರ ಗುಡಿ. ಅವರ ಜಡಿ ಇನ್ನೂ ಬೆಳೀತೈತಿ ಅನ್ನೋ ನಂಬಿಕಿ ಭಕ್ತರದು. ಈ ಊರಿನ ಇನ್ನೊಂದು ಹೆಸರು ಬೆಲ್ಲ. ಇಲ್ಲಿ ಬೆಲ್ಲದ ಪ್ಯಾಟಿ ಮೊದಲಿಂದ ದೊಡ್ಡದು. ಕಬ್ಬಿಗೂ ಊಟದ ಸಂಬಂಧ ಐತಿ ಅನ್ನೋದಕ್ಕ ಇದೇ ಸಾಕ್ಷಿ. ಗಾಣದ ಹತ್ರ ಹೋದ್ರ ಕಬ್ಬಿನ ಹಾಲು, ಬಿಸಿ ಬೆಲ್ಲ, ಜಾತ್ರಿಗೆ ಮಾದಲಿ, ಹಬ್ಬಕ್ಕ ಹೋಳಿಗಿ. ಕಬ್ಬು ಗಾಣಕ್ಕ ಹೋದ್ರ ನಮ್ಮ ಅಡಗಿ ಮನಿಗೆ ತಿರುಗಿ ಬರತೈತಿ. ಕಾರಖಾನೆಗೆ ಹೋದ್ರ ತೂಕದ ಚೀಟಿ ಆಗಿ ಬರತೈತಿ. ಗಾಣಗಳು ಕಡಿಮಿ ಆಗ್ತಾ ಬಂದಂಗ ಕಬ್ಬು ನಮ್ಮ ಊಟದಿಂದ ದೂರ ಆಯ್ತು.

ಮುಧೋಳ ಘಟಪ್ರಭಾ ದಂಡಿ ಮ್ಯಾಲಿನ ಊರು. ಹತ್ತನೇ ಶತಮಾನದಾಗ ಗದಾಯುದ್ಧ ಬರೆದ ರನ್ನನ ಊರು ಇದು. ಆಗಿನ ಹೆಸರು ಮುದುವೊಳಲು. ರನ್ನ ಬಳಿಗಾರರ ಮನಿತನದವ, ಅರಮನಿಯಾಗ ಹುಟ್ಟಿದವನಲ್ಲ. ಬಳಿ ಮಾರೋವ್ರ ಮನಿ ಹುಡುಗ ಕವಿಚಕ್ರವರ್ತಿ ಆದ ಅಂತ ಮಕ್ಕಳಿಗೆ ಹೇಳಾಕ ಇದಕ್ಕಿಂತ ಚಲೋ ಜಾಗ ಇಲ್ಲ.

ಮುಧೋಳ ಅಂದ್ರ ನಾಯಿ. 2005ರಾಗ ಅಂಚೆ ಇಲಾಖೆ ನಾಕು ದೇಶಿ ನಾಯಿಗಳ ಸ್ಟ್ಯಾಂಪ್ ತೆಗೀತು, ಅದರಾಗ ಒಂದು ನಮ್ಮದು. ತಿಮ್ಮಾಪುರದಾಗ ಬೀದರ್ ಪಶುವೈದ್ಯಕೀಯ ವಿಶ್ವವಿದ್ಯಾಲಯದ ನಾಯಿ ಸಂಶೋಧನಾ ಕೇಂದ್ರ ಐತಿ. ಸೈನ್ಯದವ್ರೂ ಅಲ್ಲಿಂದ ಮರಿ ಒಯ್ದಾರ. ಈ ನಾಯಿ ವಾಸನಿ ಹಿಡಿದು ಹುಡುಕೋ ಜಾತಿ ಅಲ್ಲ. ದೂರದಿಂದ ಕಣ್ಣಿಲೆ ಕಂಡು, ಮೊಲದ ಬೆನ್ನಟ್ಟಿ ಓಡೋ ಜಾತಿ. ಉದ್ದ ಕಾಲು, ಸಪೂರ ಹೊಟ್ಟಿ, ಚೂಪು ಮೋತಿ ಎಲ್ಲಾ ಬಂದದ್ದು ಬಯಲಾಗ ಓಡಿ ಓಡಿ. ಅಂದ್ರ ಈ ನಾಯಿಯನ್ನ ತಯಾರ ಮಾಡಿದ್ದು ನಮ್ಮ ಬಯಲು. ಜೋಳ ಕೊಯ್ದ ಮ್ಯಾಲೆ ಹರದಾರಿ ಕಾಣೋ ಬಯಲು. ವರ್ಷದ ಹನ್ನೆರಡೂ ತಿಂಗಳು ಎರಡಾಳು ಎತ್ತರದ ಕಬ್ಬು ನಿಂತ ಜಾಗದಾಗ ಆ ನಾಯಿ ಏನು ನೋಡಬೇಕು, ಎಲ್ಲಿ ಓಡಬೇಕು? ಈಗ ಅದನ್ನ ಬಾಲ್ಕನಿಯಾಗ ಸಾಕೋವ್ರಿಗೆ ಮಾರತೀವಿ.

ಕತ್ತಲಾಗೋ ಹೊತ್ತಿಗೆ ಲೋಕಾಪುರ. ಶ್ರೀಕೃಷ್ಣ ಪಾರಿಜಾತ ಅಂದ್ರ ನಮ್ಮ ಕಡೆ ಲೋಕಾಪುರದ ಹೆಸರು ಬಂದೇ ಬರತೈತಿ. ರುಕ್ಮಿಣಿ, ಸತ್ಯಭಾಮಿ, ನಡುವ ಕೃಷ್ಣ, ಕೊರವಂಜಿ. ದೇವರ ಮನಿ ಜಗಳ ನಮ್ಮ ಮನಿ ಜಗಳದಂಗ ಕಾಣೋ ಆಟ. ಕೌಜಲಗಿ ನಿಂಗಮ್ಮನವರ ಕಾಲದಾಗ ಹೆಣ್ಮಕ್ಕಳೇ ಕಂಪನಿ ಕಟ್ಟಿ ಊರೂರು ತಿರುಗಿ ಆಡಿದ ಆಟ ಇದು. ಪರಿಚಯದವ್ರ ಮನಿ ಕಟ್ಟಿ ಮ್ಯಾಲೆ ವಯಸ್ಸಾದ ಒಬ್ಬ ಹಿರ್ಯಾರು ಸಿಕ್ಕಿದ್ರು. ಅವರು ಹಂತಿ ಪದ ಹಾಡೋವ್ರು. ಇಂದಿನ ಹುಡುಗರಿಗೆ ಹಂತಿ ಅಂದ್ರೇನು ಅಂತ ಬಿಡಿಸಿ ಹೇಳಬೇಕು. ಸುಗ್ಗಿಯಾಗ ಕಣ ಮಾಡಿ, ನಡುವ ಮೇಟಿ ನಟ್ಟು, ತೆನಿ ಹರವಿ, ಎತ್ತು ಸಾಲಾಗಿ ಕಟ್ಟಿ ರಾತ್ರಿಯೆಲ್ಲಾ ಸುತ್ತು ಹೊಡೆಸೋದು. ಎತ್ತಿಗೂ ಮನಶ್ಯಾಗೂ ನಿದ್ದಿ ಬರಬಾರದು ಅಂತ ಪದ ಹಾಡೋದು. ಒಬ್ಬರು ಹೇಳಿದ್ರ ಉಳಿದವ್ರು ಹಿಮ್ಮ್ಯಾಳ.

"ಅಜ್ಜಾರ, ಈಗ ಹಾಡತೀರೇನ್ರಿ?" ಅಂದೆ. "ಎಲ್ಲಿ ಹಾಡೂದೋ ತಮ್ಮಾ? ಕಣ ಇಲ್ಲ, ಎತ್ತಿಲ್ಲ. ವ್ಯಾಸಪೀಠದ ಮ್ಯಾಲೆ ಹತ್ತು ಮಿನಿಟು ಕೊಡತಾರ, ಹಂತಿ ಪದ ಬೆಳತನಕ ಹಾಡೂದು" ಅಂದ್ರು.

ಇದರ ಮ್ಯಾಲೆ ನಾವು ಮೂರೂ ಮಂದಿ ಭಾಳ ಹೊತ್ತು ಮಾತಾಡಿದ್ವಿ. ನಮ್ಮ ಜಾನಪದ ಅಂತ ಯಾವುದಕ್ಕ ಹೆಮ್ಮಿ ಪಡತೀವಿ ಅದನ್ನ ಒಂದೊಂದಾಗಿ ಎಣಿಸಿ ನೋಡ್ರಿ. ಬಿತ್ತೋವಾಗಿನ ಪದ ಕೂರಿಗಿ ಹಿಂದ ಹುಟ್ಟಿದ್ದು. ಬೀಸೋ ಪದ ಬೀಸೂಕಲ್ಲಿನ ಮುಂದ, ಜೋಳ ಬೀಸಿಕೋತ ನಮ್ಮ ಅಜ್ಜಿ-ಅವ್ವಂದಿರು ಕಟ್ಟಿದ್ದು. ಹಂತಿ ಪದ ಕಣದಾಗ. ಎಳ್ಳ ಅಮಾಸಿಗೆ ಚರಗ ಚಲ್ಲೋದು ನಿಂತ ಜೋಳದ ಬೆಳಿಯೊಳಗ. ಪಾರಿಜಾತ, ಬಯಲಾಟ, ಗೀಗಿ ಮ್ಯಾಳ ಊರಿಗೆ ಬರತಿದ್ದದ್ದು ರಾಶಿ ಮುಗಿದ ಮ್ಯಾಲೆ, ಮನಿಯಾಗ ಕಾಳು ಇದ್ದು ಕೈ ಬಿಡುವಿದ್ದಾಗ. ಇವೆಲ್ಲದಕ್ಕೂ ಜೋಳದ ಬೆಳಿಯೇ ಪಂಚಾಂಗ. ಈಗ ಅದೇ ತಿಂಗಳಿನ್ಯಾಗ ನಾವು ಕಟಾವು ಗ್ಯಾಂಗಿನ ಮುಕದ್ದಮನ ಫೋನ್ ಕಾಯ್ಕೋತ ಕುಂತಿರತೀವಿ. ರಾತ್ರಿಯೆಲ್ಲಾ ಡಬಲ್ ಟ್ರೇಲರ್ ಟ್ರ್ಯಾಕ್ಟರ್ ಹಾಡು ಹಚ್ಚಿಕೊಂಡು ಹೊಕ್ಕಾವು. ಅದರ ಹಾಡು ನಮ್ಮ ಹೊಲದಾಗ ಹುಟ್ಟಿದ್ದಲ್ಲ.

ಮರುದಿನ ಹಲಗಲಿ. ಈ ಊರಿನ ಲಾವಣಿ ನಮ್ಮ ಮಕ್ಕಳು ಹತ್ತನೇತ್ತೆ ಪುಸ್ತಕದಾಗ ಓದ್ಯಾರ. 1857ರಾಗ ಇಂಗ್ರೇಜರು ಮಂದಿ ಹತ್ರ ಇದ್ದ ಹತಾರ ಕೊಡಬೇಕು ಅಂತ ಕಾಯ್ದೆ ತಂದ್ರು. ಬ್ಯಾಟಿ, ಕಾವಲು ಮಾಡಿ ಬದುಕೋ ಬೇಡರು ಹತಾರ ಕೊಡೋದಿಲ್ಲ ಅಂದ್ರು. ನವೆಂಬರ್ ಕೊನೀಗೆ ದಂಡು ಬಂದು ಊರಿಗೆ ಬೆಂಕಿ ಹಚ್ಚಿತು. ಹನುಮ, ಬಾಲ, ಜಡಗ, ರಾಮ ಇವರ ಹೆಸರು ಲಾವಣಿಯಾಗ ಇಂದಿಗೂ ಉಳದಾವು. ಡಿಸೆಂಬರದಾಗ 19 ಮಂದಿಗೆ ಗಲ್ಲು. 13 ಮಂದಿಗೆ ಮುಧೋಳದಾಗ, 6 ಮಂದಿಗೆ ಹಲಗಲಿಯೊಳಗ. ಆ ಲಾವಣಿಯನ್ನ ಬರೆದಿಟ್ಟು ಅಚ್ಚು ಹಾಕಿಸಿದವರು ಫ್ಲೀಟ್ ಅನ್ನೋ ಇಂಗ್ರೇಜ್ ಅಧಿಕಾರಿ. ನಮ್ಮ ಊರಿಗೆ ಬೆಂಕಿ ಹಚ್ಚಿದ ಸರಕಾರದವರೇ ನಮ್ಮ ಪದ ಉಳಿಸಿಟ್ರು ಅನ್ನೋದು ವಿಚಿತ್ರ ಅನಿಸಿದ್ರೂ ಖರೆ.

ಆ ಲಾವಣಿಯೊಳಗ ಲೂಟಿ ಆದ ಸಾಮಾನಿನ ಹೆಸರು ಬರತಾವು. ಅದನ್ನ ಓದಿ ನೋಡ್ರಿ. ಬಂಗಾರ-ಬೆಳ್ಳಿ ಒಂದರ ಪಟ್ಟಿ ಅಲ್ಲ ಅದು. ಕೊಡ್ಲಿ, ಮೊಸರು-ಬೆಣ್ಣಿ, ಗಂಗಾಳ, ಬೀಸೂಕಲ್ಲು, ಒಬ್ಬ ರೈತನ ಮನಿಯಾಗ ಇರೋ ಎಲ್ಲಾ. ಬೀಸೂಕಲ್ಲು ಹೋತು ಅಂದ್ರ ಮನಿ ಹೋತು ಅಂತ ಪದ ಕಟ್ಟಿದವನಿಗೆ ಗೊತ್ತಿತ್ತು. ಅವನ ಕಾಲಕ್ಕ ದಂಡಿನವ್ರು ಬಂದು ಒಯ್ದ್ರು. ನಮ್ಮ ಕಾಲಕ್ಕ ನಾವೇ ಹಿತ್ತಲಿಗೆ ಹಾಕಿದ್ವಿ. ಗಿರಣಿ ಬಂತು, ಅದು ಒಳ್ಳೇದೇ ಆಯ್ತು, ಹೆಣ್ಮಕ್ಕಳ ರಟ್ಟಿ ಉಳೀತು. ಆದ್ರ ಗಿರಣಿಗೆ ಹಾಕೋ ಕಾಳಾದ್ರೂ ನಮ್ಮದು ಇರಬೇಕಲ್ಲ?

ಹಂಗ ಮುಂದ ಬೀಳಗಿ ಕಡೆ ಹೊಂಟ್ರ ಯಡಹಳ್ಳಿ ಗುಡ್ಡ. ಬೀಳಗಿ-ಮುಧೋಳ ತಾಲೂಕಿನ ಈ ಕುರುಚಲು ಕಾಡನ್ನ 2016ರಾಗ ಚಿಂಕಾರ ವನ್ಯಧಾಮ ಮಾಡ್ಯಾರ, ಸುಮಾರು 96 ಚದರ ಕಿಲೋಮೀಟರ್. ದಟ್ಟ ಅಡವಿ ಅಲ್ಲ. ಕಲ್ಲು, ಜಾಲಿ, ಒಣ ಹುಲ್ಲು. ಚಿಂಕಾರಕ್ಕ ಬೇಕಾಗಿದ್ದು ಅದೇ. ಎಲಿ, ಹುಲ್ಲಿನ ಪಸಿ, ಇಬ್ಬನಿ ಇದರಾಗೇ ಭಾಳ ದಿನ ನೀರಿಲ್ಲದೆ ತಡಿಯೋ ಪ್ರಾಣಿ. ಮುಂಜಾನೆ ದಿಬ್ಬದ ಮ್ಯಾಲೆ ಎರಡು ನಿಂತಿದ್ವು. ನಮ್ಮ ಬೈಕ್ ಸಪ್ಪಳ ಕೇಳಿ ನಾಕು ಜಿಗಿತಕ್ಕ ಮಾಯ. ಹುಡುಗ "ಇಷ್ಟು ಹತ್ರ ಇಂಥಾದ್ದು ಐತಿ ಅಂತ ಗೊತ್ತೇ ಇರಲಿಲ್ಲ" ಅಂದ. ಈ ಗುಡ್ಡದ ಬುಡದಾಗಿನ ಹೊಲ ಬಯಲಾಗಿ ಇದ್ರ ಮಾತ್ರ ಅದು ಕೆಳಗ ಇಳಿದು ತಿರುಗಾಡತೈತಿ. ಕಬ್ಬು ಗುಡ್ಡದ ಬುಡತನಕ ಬಂದಲ್ಲಿ ಅದಕ್ಕ ಜಾಗ ಇಲ್ಲ, ಕಾಡಹಂದಿಗೆ ಜಾಗ ಐತಿ. ಹಂದಿ ಹಗಲೆಲ್ಲಾ ಕಬ್ಬಿನ್ಯಾಗ ಅಡಗಿ ರಾತ್ರಿ ಬಾಜೂ ಹೊಲ ಹಾಳ ಮಾಡತೈತಿ. ಇದು ನಿಮಗ ನಾನು ಹೇಳಬೇಕಾಗಿಲ್ಲ, ಅನುಭವಿಸಿದವ್ರು ನೀವೇ.

ಕಡೀಗೆ ಬೀಳಗಿ. ಅರೆತ್ತಿನ ಬಾವಿ ನೋಡಿ, ಹಿನ್ನೀರ ದಂಡಿಗೆ ಹೋದ್ವಿ. ಚಳಿಗಾಲಕ್ಕ ಬಂದ ಹಕ್ಕಿ ಹಿಂಡು, ಸಂಜಿ ಬೆಳಕು, ನೋಡಾಕ ಚೆಂದ. ಆದ್ರ ಆ ನೀರಿನ ಕೆಳಗ ಯಾರ್ಯಾರ ಹೊಲ ಐತಿ ಅಂತ ಗೊತ್ತಿದ್ದವ್ರಿಗೆ ಅದು ಬರೇ ಚೆಂದ ಕಾಣೋದಿಲ್ಲ. ಆಲಮಟ್ಟಿ ಈಗ 519.60 ಮೀಟರ್ ತನಕ ನೀರು ನಿಲ್ಲಸತೈತಿ. 2010ರಾಗ ಕೃಷ್ಣಾ ನ್ಯಾಯಾಧಿಕರಣ 524.256 ಮೀಟರ್‌ಗೆ ಒಪ್ಪಿಗಿ ಕೊಡ್ತು. 2025ರ ಸೆಪ್ಟೆಂಬರದಾಗ ರಾಜ್ಯ ಸಂಪುಟ ಮುಳುಗಡಿ ಜಮೀನಿಗೆ ನೀರಾವರಿ ಎಕರೆಗೆ 40 ಲಕ್ಷ, ಖುಷ್ಕಿಗೆ 30 ಲಕ್ಷ ಅಂತ ತೀರ್ಮಾನ ಮಾಡಿತು. ಪರಿಹಾರದ ಮಾತು ಬ್ಯಾರೆ ದಿನ ಬರಿತೀನಿ, ಅದು ದೊಡ್ಡ ವಿಷಯ. ಇಲ್ಲಿ ಒಂದೇ ಮಾತು. ಹೊಳಿ ದಂಡಿ ಎರಿ ಹೊಲ ನಮ್ಮಲ್ಲಿ ಜೋಳಕ್ಕ ಹೇಳಿ ಮಾಡಿಸಿದ ಭೂಮಿ. ಹೊಲಕ್ಕ ಎಕರೆ ಲೆಕ್ಕದಾಗ ರೊಕ್ಕ ಬರತೈತಿ. ಆ ಹೊಲದಾಗ ತಲಿತಲಾಂತರದಿಂದ ತೆನಿ ಆರಿಸಿ ಇಟ್ಟುಕೊಂಡು ಬಂದ ಬೀಜಕ್ಕ ಯಾವ ಪಂಚನಾಮಿಯೊಳಗೂ ಕಾಲಂ ಇಲ್ಲ. ಊರು ಎದ್ದು ಹೋಗೋವಾಗ ಬೀಜ ಕೈಯಾಗ ತಗೊಂಡು ಹೋಗಬೇಕು. ಎತ್ತರದಾಗ ಇರೋವ್ರು ನಾವು ಅದನ್ನ ಬಿತ್ತಿ ಇಡಬೇಕು.

ಈಗ ಲೆಕ್ಕಕ್ಕ ಬರೂಣು. ನೀವು ಕೇಳೇ ಕೇಳತೀರಿ, "ಜ್ವಾಳ ಬಿತ್ತಿದ್ರ ಏನ ಉಳೀತೈತಿ?" ಅಂತ. 2025-26ಕ್ಕ ಕಬ್ಬಿನ ಎಫ್.ಆರ್.ಪಿ. 10.25 ಇಳುವರಿಗೆ ಟನ್ನಿಗೆ 3,550 ರೂಪಾಯಿ. ಮಾಲದಂಡಿ ಜೋಳದ ಬೆಂಬಲ ಬೆಲಿ ಕ್ವಿಂಟಲ್‌ಗೆ 3,749. ಎಕರೆಗೆ 40 ಟನ್ ಕಬ್ಬು ಹಿಡಿದ್ರ 1,42,000, ಅದರಾಗ ಕಟಾವು-ಸಾಗಣಿ ಹೋಗಬೇಕು. ಖುಷ್ಕಿ ಜೋಳ ಎಕರೆಗೆ 5-6 ಕ್ವಿಂಟಲ್ ಹಿಡಿದ್ರ 20 ಸಾವಿರದ ಸುತ್ತಮುತ್ತ. ರೊಕ್ಕಕ್ಕ ರೊಕ್ಕ ಹೋಲಿಸಿದ್ರ ಜೋಳ ಸೋಲತೈತಿ, ಅದರಾಗ ಸುಳ್ಳು ಹೇಳೋದೇನೈತಿ?

ಆದ್ರ ಜೋಳದ ಲೆಕ್ಕ ಚೀಲಕ್ಕ ಮುಗಿಯೋದಿಲ್ಲ. ಕಣಕಿ ಎಷ್ಟು ಅಂತ ಹಿಡಿಯೋದನ್ನ ಬಿಡಬ್ಯಾಡ್ರಿ. ಎರಡು ಎಮ್ಮಿ ಇದ್ದವ್ರು ವರ್ಷಕ್ಕ ಮೇವಿಗೆ ಎಷ್ಟು ಕೊಡತೀರಿ ಅಂತ ನೀವೇ ಬರೆದು ನೋಡ್ರಿ. ಮನಿ ತಿನ್ನೋ ಜೋಳ ಪ್ಯಾಟಿ ದರದಾಗ ತರೋದು ತಪ್ಪತೈತಿ. ಕಬ್ಬು 12-14 ತಿಂಗಳು, ಜೋಳ ನಾಕು ತಿಂಗಳು. ಇನ್ನು ಭೂಮಿ. ವರ್ಷ ವರ್ಷ ನೀರು ಕುಡಿಸಿ ಕುಡಿಸಿ ನಮ್ಮ ಎರಿ ಭೂಮಿ ಸವಳು-ಜವಳು ಆಗಿದ್ದು ಯಾರ ಕಣ್ಣಿಗೆ ಬಿದ್ದಿಲ್ಲ? ಕುಳಿ ಕಬ್ಬು ಕಿತ್ತ ಮ್ಯಾಲೆ ಒಂದು ಹಿಂಗಾರಿ ಜೋಳ ತೆಗೆದ್ರ ಆ ಹೊಲಕ್ಕ ನಾಕು ತಿಂಗಳು ಹರಿನೀರು ತಪ್ಪತೈತಿ, ಭೂಮಿ ಉಸಿರಾಡತೈತಿ.

ಹೆಸರಿನ ಬೆಲಿನೂ ಬ್ಯಾರೆ ಐತಿ. ಬಸವಣ್ಣನವರು ಕರಣಿಕರಾಗಿದ್ದ ಮಂಗಳವೇಢೆ ನಮಗೇನು ದೂರ ಅಲ್ಲ. ಅಲ್ಲಿನ ರೈತರು ತಮ್ಮ ಮಾಲದಂಡಿ ಜೋಳಕ್ಕ ಜಿ.ಐ. ಗುರ್ತು ತಗೊಂಡಾರ. ನಮ್ಮ ಬಾಜೂ ಇಂಡಿ ನಿಂಬಿಗೂ ಸಿಕ್ಕೈತಿ. ನಾವು ಬಿತ್ತೋ ಎಂ 35-1 ತಳಿನೂ ಅದೇ ಸೊಲ್ಲಾಪುರ ಜಿಲ್ಲಾದ ಮೋಹೋಳದಾಗ ಮಾಲದಂಡಿಯಿಂದ ಆರಿಸಿ ತೆಗೆದದ್ದು. ಇನ್ನೂ ದೂರ ಹೋದ್ರ ಚೀನಾದ ಉತ್ತರಕ್ಕ ಆವೊಹಾನ್ ಅಂತ ಒಂದು ಗುಡ್ಡಗಾಡು, ಮಳಿ ಕಡಿಮಿ ಇರೋ ತಾಲೂಕು ಐತಿ. ಸುಮಾರು 8,000 ವರ್ಷದ ಹಿಂದಿನ ನವಣಿ, ಬರಗು ಕಾಳು ಅಲ್ಲಿ ನೆಲದಾಗ ಸಿಕ್ಕಾವು. ಮಂದಿ ಇನ್ನೂ ಅದನ್ನ ಬಿತ್ತತಾರ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2012ರಾಗ ಅದನ್ನ ಜಗತ್ತಿನ ಪಾರಂಪರಿಕ ಒಕ್ಕಲುತನ ಅಂತ ಗುರುತಿಸಿತು. ಅಲ್ಲಿಗೆ ಹೋದವ್ರು ಗುಡ್ಡ ನೋಡತಾರ, ಕತಿ ಕೇಳತಾರ, ನವಣಿ ಉಂಡು ಒಂದು ಚೀಲ ಕೊಂಡು ಹೊಕ್ಕಾರ. ಮೂರಕ್ಕೂ ಬೇರು ಒಂದೇ, ಹೊಲದಾಗ ನಿಂತ ಬೆಳಿ. ನಮ್ಮಲ್ಲಿ ಪ್ರವಾಸೋದ್ಯಮ ಅಂದ್ರ ಕಮಾನು, ಬೋರ್ಡು, ಗಾರ್ಡನ್ ಕಟ್ಟೋದು ಅಂತ ತಿಳಕೊಂಡೀವಿ. ಬೋರ್ಡಿನ ಹಿಂದ ಹೊಲ ಇಲ್ಲದಿದ್ರ ಬಂದವ್ರು ಏನು ನೋಡಬೇಕು, ಏನು ಉಣ್ಣಬೇಕು?

ಈಗ ಕೆಲಸದ ಮಾತು. ಒಬ್ಬನೇ ಒಂದು ಎಕರೆ ಬಿತ್ತಿದ್ರ ಅದು ಹಕ್ಕಿ ಪಾಲು, ಹಂದಿ ಪಾಲು. ಸುತ್ತ ಕಬ್ಬು, ನಡುವ ಒಂದೇ ಜೋಳ ಅಂದ್ರ ಇಡೀ ಸೀಮಿ ಗುಬ್ಬಿ ಅಲ್ಲಿಗೇ ಬರತಾವು. "ಬಿತ್ತಿ ನೋಡಿದ್ವಿ, ಆಗಲಿಲ್ಲ" ಅನ್ನೋವ್ರ ಕತಿ ಬಹುತೇಕ ಇದೇ. ಅದಕ್ಕ ನನ್ನ ಸೂಚನಾ ಇದು.

ಒಂದೇ ಪಟ್ಟಾದಾಗ, ಬಾಜೂ ಬಾಜೂ ಹೊಲದ ಎಂಟು-ಹತ್ತು ಮಂದಿ ಕೂಡಿ, ಒಂದೇ ವಾರದಾಗ ಬಿತ್ತಬೇಕು. ಹಕ್ಕಿ ತಿನ್ನೋದು ಹತ್ತು ಹೊಲಕ್ಕ ಹಂಚಿ ಹೋಗತೈತಿ. ಸುಳಿ ನೊಣದ ಕಾಟನೂ ಕಡಿಮಿ. ಹಿಂದ-ಮುಂದ ಬಿತ್ತಿದಲ್ಲೇ ಅದು ಒಂದು ಹೊಲದಿಂದ ಇನ್ನೊಂದಕ್ಕ ಹಾರಿ ಹೆಚ್ಚಾಗೋದು. ಸುತ್ತಲೂ ನಾಕು ಸಾಲು ಕುಸುಬಿ ಹಾಕ್ರಿ. ಮುಳ್ಳಿಗೆ ದನ ಒಳಗ ಬರೋದಿಲ್ಲ, ಮನಿಗೆ ಎಣ್ಣಿ ಆಗತೈತಿ. ನಡುವ ಅಕ್ಕಡಿ ಸಾಲು ಕಡ್ಲಿ ಬಿಡ್ರಿ. ಒಂದು ಮೂಲ್ಯಾಗ ಸೀತನಿ ಜೋಳ ಹಾಕ್ರಿ, ಕುಳ್ಳಿನ ಬೆಂಕ್ಯಾಗ ತೆನಿ ಸುಟ್ಟು, ಬಡಿದು, ಶೇಂಗಾ ಹಿಂಡಿ-ಬೆಲ್ಲದ ಕೂಡ ಬಿಸಿಬಿಸಿ ತಿನ್ನಾಕ. ಮೂಲ್ಯಾಗ ಒಂದು ಗುಂಟೆಗೆ ಕಳೆನಾಶಕ ಬ್ಯಾಡ, ಹಕ್ಕರಕಿ ತಾನೇ ಬರತೈತಿ. ಕೊಯ್ಯೋದಕ್ಕ ಆಳು ಸಿಗೋದಿಲ್ಲ ಅನ್ನೋದು ಖರೆ. ಹತ್ತು ಮಂದಿ ಕೂಡಿ ಬಿತ್ತಿದ್ರ ಮುಯ್ಯಿ ಮಾಡಿಕೊಂಡು ಕೊಯ್ಯಬಹುದು, ರಾಶಿ ಮಷೀನೂ ಒಂದೇ ದಿನ ಕರಸಬಹುದು.

ಇನ್ನು ಬನಹಟ್ಟಿ ಅಕ್ಕಾರಂಥ ರೊಟ್ಟಿ ಮಾಡೋವ್ರು ನಾಲ್ಕೂ ತಾಲೂಕಿನ್ಯಾಗ ಅದಾರ. ಅವರ ಕೂಡ ಮೊದಲೇ ಮಾತಾಡಿ, ಮನಿಗೆ ಬೇಕಾದ್ದು ಇಟ್ಟುಕೊಂಡು ಉಳಿದದ್ದು ನೇರ ಕೊಟ್ರ ನಡುವಿನವರಿಗೆ ಹೋಗೋ ರೊಕ್ಕ ನಮ್ಮಿಬ್ಬರಿಗೆ ಉಳೀತೈತಿ.

ಹಿಂಗಾರಿ ಬಿತ್ತಿಗಿ ಸೆಪ್ಟೆಂಬರ್ ಕೊನಿಯಿಂದ ಅಕ್ಟೋಬರ್ ನಡುವಿನತನಕ. ಎಕರೆಗೆ ಮೂರು-ನಾಕು ಕಿಲೋ ಬೀಜ ಸಾಕು. ಕುಳಿ ಕೀಳೋ ಹೊಲ ಯಾವುದು ಅಂತ ಈಗಲೇ ಗುರ್ತು ಹಾಕಿ ಇಡ್ರಿ, ಬಾಜೂ ಹೊಲದವ್ರ ಕೂಡ ಒಂದು ಮಾತು ಆಡ್ರಿ. ಮನಿಯಾಗ ಹಳೇ ಬಿಳಿಜೋಳ, ಸೀತನಿ ಬೀಜ ಇದ್ದವ್ರು, ಅದರಾಗೂ ಹೊಳಿ ದಂಡಿ ಮುಳುಗಡಿ ಊರಿನವ್ರು, ಒಂದೊಂದು ಸೇರು ತೆಗೆದಿಟ್ಟು ತಿಳಿಸ್ರಿ. ಬೀಜ ಇದ್ದವ್ರಿಗೂ ಬೇಕಾದವ್ರಿಗೂ ಗಂಟು ಹಾಕಿ ಕೊಡೋ ಕೆಲಸ ನಾನು ಮಾಡತೀನಿ.